ಶುಶ್ರೂಷೆಗೆ ಗೌರವ ತಂದ ರಮಾಬಾಯಿ ರಾನಡೆ

ಜಮಖಂಡಿ, ಮುಧೋಳ, ಬೀಳಗಿಯ ಹಳ್ಳಿಗಳಲ್ಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಯ ಬಾಗಿಲು ತಟ್ಟುವುದು ಇಂದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ನೂರು ವರ್ಷಗಳ ಹಿಂದೆ ಸ್ಥಿತಿ ಬೇರೆಯಾಗಿತ್ತು. ಮರ್ಯಾದಸ್ಥ ಮನೆತನದ ಹೆಣ್ಣುಮಗಳು ಪರರ ಮನೆಯ ರೋಗಿಯನ್ನು ಮುಟ್ಟಿ ಆರೈಕೆ ಮಾಡುವುದೆಂದರೆ ಕುಲಕ್ಕೆ ಕಳಂಕವೆಂದೇ ಜನ ಭಾವಿಸಿದ್ದರು. ಆ ಭಾವನೆಯ ವಿರುದ್ಧ ನಿಂತು ಶುಶ್ರೂಷೆಯನ್ನು ಗೌರವದ ವೃತ್ತಿಯಾಗಿಸಲು ಶ್ರಮಿಸಿದವರಲ್ಲಿ ಪುಣೆಯ ರಮಾಬಾಯಿ ರಾನಡೆ ಪ್ರಮುಖರು.

ಈ ಭಾಗಕ್ಕೆ ಅವರು ತೀರ ಹೊರಗಿನವರಲ್ಲ. ಅಂದು ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೂ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಮುಧೋಳ ಘೋರ್ಪಡೆಯವರಿಗೂ ಸೇರಿದ್ದವು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಆಳುವವರು ಬೇರೆಯಾದರೂ ಇವೆಲ್ಲ ಊರುಗಳ ದೃಷ್ಟಿ ವಿದ್ಯೆಗಾಗಿ ಪುಣೆಯತ್ತ, ಚಿಕಿತ್ಸೆಗಾಗಿ ಮಿರಜದತ್ತ ಹರಿಯುತ್ತಿತ್ತು. ರಮಾಬಾಯಿ ಹುಟ್ಟಿದ್ದು ಇಂದಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕುರ್ಲೇಕರ ಮನೆತನದಲ್ಲಿ.

1873ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವರ ವಿವಾಹ ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆಯವರೊಂದಿಗೆ ನಡೆಯಿತು. ಮೊದಲ ಪತ್ನಿಯನ್ನು ಕಳೆದುಕೊಂಡಿದ್ದ ರಾನಡೆ ವಿಧವಾ ವಿವಾಹದ ಪ್ರತಿಪಾದಕರಾಗಿದ್ದರು. ತಂದೆಯ ಹಟಕ್ಕೆ ಮಣಿದು ಬಾಲಿಕೆಯ ಕೈಹಿಡಿದ ಅವರು ಸುಧಾರಕರ ಟೀಕೆಗೂ ಗುರಿಯಾದರು. ಶಾಲೆಯ ಮುಖ ಕಾಣದ ಪತ್ನಿಗೆ ತಾವೇ ಅಕ್ಷರ ಕಲಿಸಿದರು. ಮನೆಯ ಹಿರಿಯ ಹೆಂಗಸರ ಕುಹಕದ ಮಾತುಗಳನ್ನು ಸಹಿಸಿಕೊಂಡೇ ರಮಾಬಾಯಿ ಮರಾಠಿ, ಇಂಗ್ಲಿಷ್ ಕಲಿತರು. 1884ರಲ್ಲಿ ಪುಣೆಯ ಹುಜೂರಪಾಗಾ ಬಾಲಕಿಯರ ಶಾಲೆಯ ಸ್ಥಾಪನೆಗೆ ದುಡಿದವರಲ್ಲಿ ಅವರೂ ಒಬ್ಬರು.

ಆ ಕಾಲದಲ್ಲಿ ಪುರುಷ ವೈದ್ಯರ ಮುಂದೆ ಬರಲು ಸ್ತ್ರೀಯರು ಒಪ್ಪುತ್ತಿರಲಿಲ್ಲ. ಕತ್ತಲೆಯ ಕೋಣೆಯಲ್ಲಿ ನಡೆಯುವ ಹೆರಿಗೆಗಳಲ್ಲಿ ತಾಯಿ, ಮಗು ಸಾಯುವುದು ಸಾಮಾನ್ಯವಾಗಿತ್ತು. 1897ರಲ್ಲಿ ಪ್ಲೇಗ್ ಪುಣೆಯನ್ನು ಆವರಿಸಿದಾಗ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದ್ದು ಜನರಲ್ಲಿ ಆಕ್ರೋಶ ಹುಟ್ಟಿಸಿತು. ರೋಗಿಗಳ ಸೇವೆಗಿಳಿದ ಸಾವಿತ್ರಿಬಾಯಿ ಫುಲೆ ಅದೇ ವರ್ಷ ಪ್ಲೇಗಿಗೆ ಬಲಿಯಾದರು. ಮನೆಯೊಳಗೆ ಹೋಗಿ ಆರೈಕೆ ಮಾಡಬಲ್ಲ, ತರಬೇತಿ ಪಡೆದ ಸ್ತ್ರೀಯರ ಅಗತ್ಯ ಸ್ಪಷ್ಟವಾಗಿತ್ತು. ಆದರೆ ಅದಕ್ಕೆ ಮುಂದೆ ಬರುವವರು ವಿರಳರಾಗಿದ್ದರು.

1901ರ ಜನವರಿಯಲ್ಲಿ ಪತಿ ತೀರಿಕೊಂಡ ಬಳಿಕ ರಮಾಬಾಯಿ ಕೆಲಕಾಲ ಸಾರ್ವಜನಿಕ ಜೀವನದಿಂದ ದೂರ ಉಳಿದರು. 1904ರಲ್ಲಿ ಮುಂಬಯಿಯಲ್ಲಿ ನಡೆದ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1908ರಲ್ಲಿ ಬೆಹರಾಮ್‌ಜಿ ಮಲಬಾರಿ, ದಯಾರಾಮ ಗಿದುಮಲ್ ಅವರು ಮುಂಬಯಿಯಲ್ಲಿ ಸೇವಾಸದನ ಆರಂಭಿಸಿದರು. ಮರುವರ್ಷ ಪುಣೆಯ ತಮ್ಮ ಮನೆಯಲ್ಲೇ ರಮಾಬಾಯಿ ಪುಣೆ ಸೇವಾಸದನಕ್ಕೆ ನಾಂದಿ ಹಾಡಿದರು. ಭಾರತ ಸೇವಕ ಸಮಾಜದ ಗೋಪಾಳ ಕೃಷ್ಣ ದೇವಧರ ಅವರ ಬಲಗೈಯಾಗಿ ನಿಂತರು.

ಓದು, ಹೊಲಿಗೆಯ ತರಗತಿಗಳಿಗೆ ವಿರೋಧ ಅಷ್ಟಾಗಿ ಇರಲಿಲ್ಲ. ಸಾಸೂನ್ ಆಸ್ಪತ್ರೆಯಲ್ಲಿ ಶುಶ್ರೂಷೆ ಮತ್ತು ಪ್ರಸೂತಿ ತರಬೇತಿಯ ಮಾತು ಬಂದಾಗ ಮಾತ್ರ ಮೇಲ್ಜಾತಿಯ ಕುಟುಂಬಗಳು ಹಿಂದೆ ಸರಿದವು. ಎಲ್ಲ ಜಾತಿಯವರ ಮೈಮುಟ್ಟುವ ಕೆಲಸ, ರಾತ್ರಿ ಪಾಳಿ, ಪರಪುರುಷರ ನಡುವೆ ಓಡಾಟ ಎಂಬ ಆಕ್ಷೇಪಗಳು ಎದ್ದವು. ರಮಾಬಾಯಿ ಎದೆಗುಂದದೆ ಮನವೊಲಿಸತೊಡಗಿದರು. ಕಲಿಯಲು ಬಂದವರಲ್ಲಿ ವಿಧವೆಯರೂ ಇದ್ದರು. ತರಬೇತಿಯವರಿಗಾಗಿ ವಸತಿ ನಿಲಯದ ವ್ಯವಸ್ಥೆಯೂ ಆಯಿತು.

ಒಮ್ಮೆ ಸೇವಾಸದನದ ವಾರ್ಷಿಕ ಸಮಾರಂಭದಲ್ಲಿ ತಲೆಬೋಳಿಸಿದ ವಿಧವೆಯೊಬ್ಬರು ವೇದಿಕೆಗೆ ಬಂದಾಗ ಗ್ಯಾಲರಿಯಲ್ಲಿದ್ದ ಕಾಲೇಜು ವಿದ್ಯಾರ್ಥಿಗಳು ಗೇಲಿ ಮಾಡಿ ನಕ್ಕರು. ಸಮಾರೋಪ ಭಾಷಣದಲ್ಲಿ ರಮಾಬಾಯಿ ನೊಂದು, ವಿದ್ಯಾವಂತರೆನಿಸಿಕೊಂಡವರ ಈ ನಡತೆಯನ್ನು ನೇರವಾಗಿ ಖಂಡಿಸಿದರು. ಅದೇ ದುಃಖವನ್ನು ತಾವೂ ಉಂಡವರಾಗಿದ್ದರಿಂದ ಆ ಮಾತಿಗೆ ತೂಕವಿತ್ತು.

ಸೇವಾಸದನದ ಕಾರ್ಯ ಆಸ್ಪತ್ರೆಗೆ ಸೀಮಿತವಾಗಲಿಲ್ಲ. ಆಳಂದಿಯ ಜಾತ್ರೆಗಳಲ್ಲಿ ಸ್ವಯಂಸೇವಕಿಯರು ಯಾತ್ರಿಕ ಸ್ತ್ರೀಯರ ನೆರವಿಗೆ ನಿಂತರು. 1913ರಲ್ಲಿ ಗುಜರಾತ್, ಕಾಠೇವಾಡದ ಬರಪೀಡಿತರಿಗೆ ಪರಿಹಾರ ಕಾರ್ಯ ನಡೆಯಿತು. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಸೋಲಾಪುರದಲ್ಲೂ ಸೇವಾಸದನ ನೆಲೆಗೊಂಡಿತು. ಪುಣೆಯಲ್ಲಿ ಬಾಲಕಿಯರಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬೇಕೆಂದು ಹೋರಾಡಿದ ರಮಾಬಾಯಿ 1924ರಲ್ಲಿ ನಿಧನರಾದಾಗ ಪುಣೆ ಸೇವಾಸದನದಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರು ಕಲಿಯುತ್ತಿದ್ದರು. 1962ರಲ್ಲಿ ಅಂಚೆ ಇಲಾಖೆ ಅವರ ಜನ್ಮಶತಾಬ್ದಿಯ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು, 1997ರಲ್ಲಿ ಬಾಗಲಕೋಟೆ ಜಿಲ್ಲೆ ರೂಪುಗೊಂಡಿತು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಆರಂಭವಾದ ಮೇಲೆ ಆಶಾ ಕಾರ್ಯಕರ್ತೆಯರು ಬಂದರು. ಅವರಿಗೂ ರಮಾಬಾಯಿಯವರಿಗೂ ನೇರ ಸಂಬಂಧವಿಲ್ಲ. ಆದರೆ ಹೆಣ್ಣೊಬ್ಬಳು ಪರರ ಆರೈಕೆಗೆ ಹೊಸ್ತಿಲು ದಾಟುವುದನ್ನು ಸಮಾಜ ಒಪ್ಪುವಂತೆ ಮಾಡಿದ ಆರಂಭದ ಹೋರಾಟಗಳಲ್ಲಿ ಸೇವಾಸದನದ್ದೂ ಒಂದು. ಶುಭಕಾರ್ಯಕ್ಕೆ ಎದುರು ಬರಬಾರದೆಂದು ಮೂಲೆಗೆ ತಳ್ಳಲ್ಪಟ್ಟಿದ್ದ ವಿಧವೆ, ಪ್ರಸೂತಿ ತರಬೇತಿ ಪಡೆದ ಮೇಲೆ, ಹುಟ್ಟಿದ ಕೂಸನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವವಳಾದಳು.