ಒಂದು ಯಂತ್ರ, ಹಲವು ರೂಪ: ಅಲನ್ ಟ್ಯೂರಿಂಗ್

ಗಣಕಯಂತ್ರದಲ್ಲಿ ವಿಂಡೋಸ್ ನಡೆಯುತ್ತಿರುವಾಗಲೇ ಅದರೊಳಗೆ ಲಿನಕ್ಸ್ ಸಹ ನಡೆಯುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಒಂದೇ ಮನೆಗೆ ಇಬ್ಬರು ಯಜಮಾನರು, ಆದರೂ ಜಗಳವಿಲ್ಲ! ಈ ಸೋಜಿಗದ ಮೂಲವನ್ನು ಅರಸಿ ಹೊರಟರೆ, ಇಂದಿನಂಥ ಗಣಕಯಂತ್ರಗಳು ಹುಟ್ಟುವ ಮೊದಲೇ ಅದರ ತತ್ತ್ವವನ್ನು ಕಂಡ ತರುಣನೊಬ್ಬನ ಬಳಿಗೆ ಬರುತ್ತೇವೆ. ಆತನೇ ಅಲನ್ ಟ್ಯೂರಿಂಗ್.

ಟ್ಯೂರಿಂಗನು 1912ನೆಯ ಇಸವಿ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ, ತಾಯಿಯ ತಂದೆ ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರು. ಹೆತ್ತವರು ಇಂಡಿಯಾದಲ್ಲಿದ್ದುದರಿಂದ ಬಾಲಕನು ಬಹುಕಾಲ ಪರರ ಆಶ್ರಯದಲ್ಲಿ ಬೆಳೆಯಬೇಕಾಯಿತು. 1930ರಲ್ಲಿ ಪ್ರಾಣಸ್ನೇಹಿತನಾದ ಕ್ರಿಸ್ಟೋಫರ್ ಮಾರ್ಕಮನ ಅಕಾಲಮರಣವು ಅವನನ್ನು ಬಹುವಾಗಿ ನೋಯಿಸಿತು. ಮರುವರ್ಷ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿ, 22ನೆಯ ವಯಸ್ಸಿನಲ್ಲಿಯೇ ಅಲ್ಲಿಯ ಫೆಲೋ ಆದನು.

1936ರಲ್ಲಿ ಬರೆದ ಪ್ರಬಂಧದಲ್ಲಿ ಆತನು ಕಾಗದದ ಪಟ್ಟಿಯ ಮೇಲೆ ಗುರುತುಗಳನ್ನು ಬರೆಯುವ, ಅಳಿಸುವ ಸರಳ ಯಂತ್ರವೊಂದನ್ನು ಕಲ್ಪಿಸಿದನು. ಪ್ರತಿ ಕೆಲಸಕ್ಕೂ ನಿಯಮಗಳ ಒಂದು ಕೋಷ್ಟಕ ಬೇಕು. ಆ ಕೋಷ್ಟಕವನ್ನೇ ಪಟ್ಟಿಯ ಮೇಲೆ ಬರೆದುಕೊಟ್ಟರೆ, ಅದನ್ನು ಓದಿ ಅದರಂತೆ ನಡೆಯಬಲ್ಲ ಒಂದೇ ಯಂತ್ರ ಸಾಕು; ಅದು ಉಳಿದ ಯಾವ ಯಂತ್ರದ ವೇಷವನ್ನಾದರೂ ಹಾಕಬಲ್ಲದೆಂದು ಸಾಧಿಸಿ ತೋರಿಸಿದನು.

ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿದ್ದು, ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ಕಾರ್ಯದಲ್ಲಿ ಮುಂದಾಳಾದನು. ಯುದ್ಧಾನಂತರ ಗಣಕಯಂತ್ರದ ವಿನ್ಯಾಸಕ್ಕೆ ಕೈಹಾಕಿ, 1948ರಲ್ಲಿ ಮ್ಯಾಂಚೆಸ್ಟರಿಗೆ ಹೋದನು.

ಆದರೆ ದೇಶವು ಆತನನ್ನು ಆದರಿಸಲಿಲ್ಲ. ಪುರುಷರೊಳಗಿನ ಪ್ರಣಯವು ಅಂದಿನ ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧ. 1952ರಲ್ಲಿ ಶಿಕ್ಷೆಗೆ ಗುರಿಯಾದ ಆತನು ಸೆರೆವಾಸಕ್ಕೆ ಬದಲಾಗಿ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಮೃತನಾದನು. ಆತ್ಮಹತ್ಯೆಯೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ರಾಣಿಯ ಕ್ಷಮಾದಾನವು ಬಂದುದು 2013ರಲ್ಲಿ!

ಆತನ ತತ್ತ್ವ ಮಾತ್ರ ಬೆಳೆಯಿತು. ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಐ.ಬಿ.ಎಂ. ಸಂಸ್ಥೆಯ ಇಂಜಿನಿಯರುಗಳು 1967ರಲ್ಲಿ ಒಂದೇ ಗಣಕವನ್ನು ಹದಿನಾಲ್ಕು ಗಣಕಗಳಂತೆ ನಡೆಯಿಸಿದರು. ಇಂದಿಗೂ ವಿಧಾನ ಅದೇ ಬಗೆಯದು. ಮೇಲ್ವಿಚಾರಕ ಪ್ರೋಗ್ರಾಮೊಂದು ಸ್ಮರಣಕೋಶವನ್ನೂ ಕಾಲವನ್ನೂ ಹಂಚಿಕೊಡುತ್ತದೆ. ಅತಿಥಿಯಾಗಿ ಬಂದ ಆಪರೇಟಿಂಗ್ ಸಿಸ್ಟಮ್ಮಿನ ಸಾಮಾನ್ಯ ಆಜ್ಞೆಗಳು ನೇರವಾಗಿ ನಡೆಯುತ್ತವೆ. ಯಂತ್ರದ ಒಡೆತನಕ್ಕೆ ಕೈಹಾಕುವ ಆಜ್ಞೆಯನ್ನು ಮಾತ್ರ ಅದು ತಡೆದು, ತಾನೇ ನೆರವೇರಿಸಿಕೊಡುತ್ತದೆ. ಹೀಗಾಗಿ ಪ್ರತಿಯೊಂದು ಅತಿಥಿಯೂ ಯಂತ್ರವೆಲ್ಲ ತನ್ನದೇ ಎಂದು ಭಾವಿಸುತ್ತದೆ. ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಕೆಡದು.

ಯಾವ ಲಾಭವನ್ನೂ ಎಣಿಸದೆ, ಕೇವಲ ಗಣಿತದ ಪ್ರಶ್ನೆಯೊಂದರ ಬೆನ್ನುಹತ್ತಿದ ತರುಣನು ಜಗತ್ತಿಗೆ ಇಷ್ಟನ್ನು ಕೊಟ್ಟನು. ಭಿನ್ನವಾದವುಗಳು ಒಂದೇ ಆಸರೆಯಲ್ಲಿ ಬಾಳಬಹುದೆಂಬುದನ್ನು ಯಂತ್ರಗಳು ಕಲಿತಿವೆ. ಭಿನ್ನನಾದವನನ್ನು ಬಾಳಗೊಡುವುದನ್ನು ನಾವೂ ಕಲಿತರೆ, ಅದೇ ಆತನಿಗೆ ಸಲ್ಲಿಸುವ ಗೌರವ.