ಕನ್ನಡ ಶಾಲೆಗಳ ಹರಿಕಾರ ಡೆಪ್ಯುಟಿ ಚನ್ನಬಸಪ್ಪನವರು

1818ರಲ್ಲಿ ಪೇಶ್ವೆಯವರ ಆಳ್ವಿಕೆ ಕೊನೆಗೊಂಡು ಧಾರವಾಡ, ಬೆಳಗಾವಿ ಸೀಮೆಯ ಬಹುಭಾಗವು ಕಂಪನಿ ಸರಕಾರದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಳುವವರು ಬದಲಾದರೂ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯೇ ಮುಂದುವರಿಯಿತು. ಮನೆಯಲ್ಲಿ ಕನ್ನಡವಾಡುವ ರೈತನ, ನೇಕಾರನ ಮಗುವಿಗೆ ಸ್ವಂತ ಊರಿನ ಶಾಲೆಯೇ ಪರಸ್ಥಳವಾಯಿತು. ಓದಿಲ್ಲದವನಿಗೆ ಸರಕಾರಿ ಚಾಕರಿಯಿಲ್ಲ. ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲೂ ಅನ್ಯರ ಬಾಗಿಲು ಕಾಯಬೇಕಾಗಿತ್ತು.

ಧಾರವಾಡದ ಚನ್ನಬಸಪ್ಪನವರು ಈ ಸಂಕಟವನ್ನು ಹತ್ತಿರದಿಂದ ಬಲ್ಲವರು. ಉನ್ನತ ವಿದ್ಯೆಗಾಗಿ ಪುಣೆಗೆ ತೆರಳಿ ಪರಭಾಷಿಕರ ನಡುವೆ ಕಲಿತರು. ಮರಳಿ ಬಂದು ವಿದ್ಯಾಖಾತೆಯನ್ನು ಸೇರಿ, ಶಿಕ್ಷಕರನ್ನು ಸಿದ್ಧಪಡಿಸುವ ನಾರ್ಮಲ್ ಸ್ಕೂಲಿನ ಹೊಣೆ ಹೊತ್ತರು. ಮುಂದೆ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾದರು; ಆ ಹುದ್ದೆಯೇ ಅವರ ಹೆಸರಿನೊಡನೆ ಬೆಸೆದುಹೋಯಿತು.

ಸರಕಾರವಿತ್ತ ಅಧಿಕಾರವನ್ನು ಅವರು ಜನಸೇವೆಗೆ ಮೀಸಲಿಟ್ಟರು. ಮೇಲಧಿಕಾರಿಗಳ ಮನವೊಲಿಸಿ ಊರೂರುಗಳಲ್ಲಿ ಕನ್ನಡ ಶಾಲೆಗಳನ್ನು ತೆರೆಸಿದರು. ಶಾಲೆಯೊಂದಿದ್ದರೆ ಸಾಲದು, ಓದಲು ಪುಸ್ತಕವೂ ಬೇಕೆಂದರಿತು ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿಯವರಂತಹ ವಿದ್ವಾಂಸರಿಗೆ ಒತ್ತಾಸೆಯಾಗಿ ನಿಂತರು. ತಾವೂ 1871ರಲ್ಲಿ ಶೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡಕ್ಕೆ ತಂದರು.

1881ರಲ್ಲಿ ಅವರು ಲಿಂಗೈಕ್ಯರಾದರು. ಅವರು ತೆರೆಸಿದ ಬಾಗಿಲು ಮಾತ್ರ ಮುಚ್ಚಲಿಲ್ಲ. ಸರಕಾರವು ಯಾರಿಗೆ, ಯಾವ ಭಾಷೆಯಲ್ಲಿ ಕಲಿಸುತ್ತದೆ ಎಂಬುದರ ಮೇಲೆ ಬಡವನ ಮಗುವಿನ ಬಾಳು ನಿಂತಿದೆ ಎಂಬುದನ್ನು ಅವರ ಜೀವನ ತೋರಿಸಿಕೊಟ್ಟಿತು. ಇಂದು ದುಡಿಮೆಯನ್ನರಸಿ ನಮ್ಮ ನಾಡಿಗೆ ಬಂದವರ ಮಕ್ಕಳೂ ಅರಿಯದ ಭಾಷೆಯ ಶಾಲೆಯೆದುರು ಅಳುಕಿ ನಿಂತಿರುತ್ತಾರೆ. ಅವರನ್ನು ಕೈಹಿಡಿದು ಒಳಗೆ ಕರೆದು ಕಲಿಸುವುದೇ ಚನ್ನಬಸಪ್ಪನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಶರಣಾರ್ಥಿ.