ಪತ್ರಿಕೋದ್ಯೋಗಿ ಡಿ.ವಿ.ಜಿ.

ಭದ್ರಾನದಿಯ ದಡದ ಬೆಂಕಿಪುರವು ಭದ್ರಾವತಿಯಾಗಿ, 1923ರಲ್ಲಿ ಅಲ್ಲಿಯ ಕುಲುಮೆಯಿಂದ ಕಬ್ಬಿಣ ಹರಿಯಿತು; 1936ರಲ್ಲಿ ಅದೇ ಊರಿನಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಶಿವಮೊಗ್ಗೆಯ ಸುತ್ತಣ ಕಾಡಿನ ಮರ ಒಂದಕ್ಕೆ ಇದ್ದಿಲಾಯಿತು, ಬಿದಿರು ಇನ್ನೊಂದಕ್ಕೆ ತಿರುಳಾಯಿತು. ಯಂತ್ರಯುಗದ ಸಾಮಗ್ರಿಯನ್ನು ಮೈಸೂರು ಸೀಮೆ ಹೀಗೆ ಒದಗಿಸಿಕೊಂಡಿತು. ಆದರೆ ಕಾಗದದ ಮೇಲೆ ಏನನ್ನು, ಯಾರ ಅಪ್ಪಣೆಯಿಂದ ಅಚ್ಚು ಹಾಕಬೇಕೆಂಬ ಪ್ರಶ್ನೆ ಅದಕ್ಕಿಂತ ಹಳೆಯದು. ಆ ಪ್ರಶ್ನೆಯ ನಡುವೆಯೇ ಬೆಳೆದವರು ಡಿ.ವಿ. ಗುಂಡಪ್ಪನವರು.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಹೊಟ್ಟೆಪಾಡನ್ನರಸಿ ಬೆಂಗಳೂರಿಗೆ ಬಂದು ಪತ್ರಿಕಾಲಯಗಳನ್ನು ಸೇರಿದರು. ಅವರಿಗೆ ಇಪ್ಪತ್ತೊಂದು ತುಂಬಿದ 1908ರಲ್ಲಿಯೇ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರವು ವೃತ್ತಪತ್ರಿಕೆಗಳ ಕಾನೂನನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಬೇಕೆಂದಾಗ ಕಿತ್ತುಕೊಳ್ಳಬಹುದಾಗಿತ್ತು. ವೃದ್ಧ ಪಿತಾಮಹರೆನಿಸಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತರುಣ ಗುಂಡಪ್ಪನವರು ಕಣ್ಣಾರೆ ಕಂಡ ಪತ್ರಿಕಾಧರ್ಮದ ಮೊದಲ ಪಾಠ ಇದು.

1913ರಲ್ಲಿ ಅವರು 'ಕರ್ನಾಟಕ'ವೆಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಆರಂಭಿಸಿದರು. ಭದ್ರಾವತಿಯ ಕಾರ್ಖಾನೆಯನ್ನು ಕನಸಿದ ವಿಶ್ವೇಶ್ವರಯ್ಯನವರೇ ಆಗ ದಿವಾನರು. ಇಬ್ಬರಿಗೂ ಸ್ನೇಹವಿತ್ತು, ಆದರೂ ಸ್ನೇಹಕ್ಕಾಗಿ ಟೀಕೆಯನ್ನು ಬಿಟ್ಟುಕೊಡುವುದು ಸಂಪಾದಕನ ಕೆಲಸವಲ್ಲವೆಂದು ಗುಂಡಪ್ಪನವರು ನಂಬಿದ್ದರು. ಆಳುವವನ ಕೋಪವನ್ನು ತಾಳಬಹುದು, ಅವನ ವಿಶ್ವಾಸವನ್ನು ತಾಳುವುದೇ ಕಷ್ಟ. ಕಾರ್ಖಾನೆಗಳ ಯುಗದಲ್ಲಿ ಈ ಕಷ್ಟಕ್ಕೆ ಬಂಡವಾಳಗಾರನ ವಿಶ್ವಾಸವೂ ಸೇರಿಕೊಂಡಿತೆಂಬುದನ್ನು ಇಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪತ್ರಿಕೋದ್ಯೋಗವನ್ನು ಕುರಿತು 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೂ ಬರೆದರು. 'ಮಂಕುತಿಮ್ಮನ ಕಗ್ಗ'ದ ಕೀರ್ತಿಯ ನೆರಳಿನಲ್ಲಿ ಈ ಪುಸ್ತಕ ಮರೆಯಾದದ್ದು ನಮ್ಮ ದುರದೃಷ್ಟ; ಕವಿಯನ್ನು ಕೊಂಡಾಡುವ ಉಪಾಧ್ಯಾಯರು ಪತ್ರಕರ್ತನನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸಬಾರದೇಕೆ? ಕಾನೂನನ್ನು ತಿದ್ದಿದಷ್ಟಕ್ಕೇ ಪತ್ರಿಕೆ ತಿದ್ದುಪಾಟಾಗದು, ರಾಜ್ಯದ ವಿಷಯವನ್ನು ತಿಳಿದು ಓದುವ ಪ್ರಜೆಯೂ ಸಿದ್ಧನಾಗಬೇಕು ಎಂಬ ನಿಲುವು ಅವರ ಬಾಳಿನ ದುಡಿಮೆಯಲ್ಲೇ ಕಾಣುತ್ತದೆ. 1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು ಅಂಥ ಪ್ರಜೆಗಾಗಿ.

1970ರಲ್ಲಿ ನಾಡಿನ ಅಭಿಮಾನಿಗಳು ಅವರಿಗೆ ಒಂದು ಲಕ್ಷ ರೂಪಾಯಿಗಳನ್ನು ಅರ್ಪಿಸಿದರು. ಹಣವನ್ನೆಲ್ಲ ಅವರು ಆ ಸಂಸ್ಥೆಗೇ ಒಪ್ಪಿಸಿದರು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.